ಸಿಂಗಲ್ಸ್ ಬ್ಯಾಡ್ಮಿಂಟನ್

ಸಿಂಗಲ್ಸ್ ಬ್ಯಾಡ್ಮಿಂಟನ್ ಎಂಬುದು ಬಲೆಯ ಒಂದೊಂದು ಬದಿಯಲ್ಲಿ ಒಬ್ಬೊಬ್ಬರೇ ನಿಂತು ಆಡುವ ಬ್ಯಾಡ್ಮಿಂಟನ್ ಪ್ರಕಾರ. ಕರ್ನಾಟಕದ ಆಡುಮಾತಿನಲ್ಲಿ ಈ ಕ್ರೀಡೆ ‘ಶಟಲ್’ ಎಂದೇ ಪರಿಚಿತವಾಗಿದೆ. ಉಣ್ಣೆಯ ಚೆಂಡಿನಿಂದ ಐವರ ತಂಡಗಳು ಆಡುವ ಬಾಲ್ ಬ್ಯಾಡ್ಮಿಂಟನ್ ಇದಕ್ಕಿಂತ ಭಿನ್ನ. ಅಂಕಣವನ್ನು ಹಂಚಿಕೊಳ್ಳಲು ಜೊತೆಗಾರರಿಲ್ಲದ ಕಾರಣ ಇಲ್ಲಿ ಹೊಡೆತದ ಬಲಕ್ಕಿಂತ ಚಲನೆ, ನಿಲುವಿನ ಸ್ಥಾನ ಮತ್ತು ದಮ್ಮು ಹೆಚ್ಚು ನಿರ್ಣಾಯಕವಾಗುತ್ತವೆ.

ಅಂಕಣ ಮತ್ತು ನಿಯಮಗಳು

ಸಿಂಗಲ್ಸ್ ಅಂಕಣ 13.40 ಮೀಟರ್ ಉದ್ದ, 5.18 ಮೀಟರ್ ಅಗಲವಿರುತ್ತದೆ. ಡಬಲ್ಸ್‌ಗೆ ಬಳಸುವ ಪಕ್ಕದ ಪಟ್ಟಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 2006ರಲ್ಲಿ ಜಾರಿಗೆ ಬಂದ ಪದ್ಧತಿಯಂತೆ 21 ಅಂಕಗಳ ಮೂರು ಗೇಮ್‌ಗಳಲ್ಲಿ ಎರಡನ್ನು ಗೆದ್ದವರು ವಿಜಯಿಗಳು. ಸರ್ವ್ ಯಾರದೇ ಆಗಿದ್ದರೂ ಪ್ರತಿ ರ‍್ಯಾಲಿಗೂ ಒಂದು ಅಂಕ ಸಲ್ಲುತ್ತದೆ. ಅದಕ್ಕೂ ಮೊದಲು ಸರ್ವ್ ಮಾಡಿದವರಿಗೆ ಮಾತ್ರ ಅಂಕ ದೊರೆಯುತ್ತಿದ್ದುದರಿಂದ ಪಂದ್ಯಗಳು ಬಹಳ ಹೊತ್ತು ಎಳೆಯುತ್ತಿದ್ದವು.

ಶಟಲ್‌ನ ವೇಗ ಊರಿನ ಎತ್ತರ ಮತ್ತು ಸೆಕೆಯನ್ನು ಅವಲಂಬಿಸಿರುತ್ತದೆ. ಗಾಳಿ ತೆಳುವಾದಷ್ಟೂ ಅದು ದೂರ ಹಾರುತ್ತದೆ. ಕೇಶ್ವಾಪುರವನ್ನೊಳಗೊಂಡ ಹುಬ್ಬಳ್ಳಿ ನಗರ ಸಮುದ್ರಮಟ್ಟದಿಂದ 600 ಮೀಟರಿಗಿಂತ ಎತ್ತರದಲ್ಲಿದ್ದು, ಬೆಂಗಳೂರು ಇನ್ನೂ ಎತ್ತರದಲ್ಲಿದೆ. ಹೀಗಾಗಿ ಕರಾವಳಿಯಲ್ಲಿ ಸರಿಯಾಗಿ ಬೀಳುವ ಶಟಲ್ ಈ ಊರುಗಳಲ್ಲಿ ಹಿಂಗೆರೆಯನ್ನು ದಾಟಬಹುದು. ಇಲ್ಲಿಗೆ ನಿಧಾನಗತಿಯ ಶಟಲ್ ಸೂಕ್ತ.

ಆಟದ ರೀತಿ

ಎದುರಾಳಿಯನ್ನು ನಾಲ್ಕು ಮೂಲೆಗಳಿಗೂ ಓಡಿಸಿ, ತಾನು ಮಾತ್ರ ಪ್ರತಿ ಹೊಡೆತದ ನಂತರ ಅಂಕಣದ ನಡುಭಾಗಕ್ಕೆ ಮರಳುವುದು ಸಿಂಗಲ್ಸ್‌ನ ಮೂಲ ತಂತ್ರ. ಹಿಂಗೆರೆಗೆ ಎತ್ತಿ ಹೊಡೆಯುವ ಕ್ಲಿಯರ್ ಮತ್ತು ಬಲೆಯ ಬಳಿ ಇಳಿಯುವ ಡ್ರಾಪ್‌ಗಳನ್ನು ಒಂದೇ ಬಗೆಯ ಕೈಬೀಸಿನಿಂದ ಆಡಬಲ್ಲವರ ಎದುರು ಮೊದಲೇ ಹೊರಡುವುದು ಅಪಾಯ, ತಡವಾಗಿ ಹೊರಟರೆ ಶಟಲ್ ಸಿಗುವುದಿಲ್ಲ. ಎದುರಾಳಿ ಶಟಲ್ ಮುಟ್ಟುವ ಗಳಿಗೆಯಲ್ಲಿ ಎರಡೂ ಪಾದಗಳ ಮೇಲೆ ಸಣ್ಣದಾಗಿ ಪುಟಿದು ನಿಲ್ಲುವ ಅಭ್ಯಾಸ ಇದಕ್ಕೆ ಪರಿಹಾರ. ಹವ್ಯಾಸಿಗಳು ಸ್ಮ್ಯಾಶ್ ಕಲಿಯಲು ವ್ಯಯಿಸುವಷ್ಟು ಸಮಯವನ್ನು ಈ ಹೆಜ್ಜೆಗೆ ಕೊಡುವುದು ಅಪರೂಪ.

ಈ ಬಗೆಯ ಆಟಕ್ಕೆ ಪ್ರಕಾಶ್ ಪಡುಕೋಣೆ ಅವರು ಪ್ರಸಿದ್ಧ ಉದಾಹರಣೆ. ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದ ತಂದೆ ರಮೇಶ್ ಪಡುಕೋಣೆಯವರಿಂದ ಆಟ ಕಲಿತ ಅವರು, ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ ಅಭ್ಯಾಸ ನಡೆಸಿದರು. 1980ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಅವರ ಎದುರಾಳಿಯಾಗಿದ್ದವರು ಜಿಗಿದು ಹೊಡೆಯುವ ಸ್ಮ್ಯಾಶ್‌ಗೆ ಹೆಸರಾದ, ಹಿಂದಿನ ಎರಡು ವರ್ಷಗಳ ಚಾಂಪಿಯನ್ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್. ವೇಗ ತಗ್ಗಿಸಿ, ಶಟಲನ್ನು ಎದುರಾಳಿಗೆ ಒಗ್ಗದ ಎತ್ತರ ಮತ್ತು ಮೂಲೆಗಳಲ್ಲಿಟ್ಟ ಪಡುಕೋಣೆಯವರು 15-3, 15-10ರಿಂದ ಗೆದ್ದು, ಆ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು. 1994ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅವರ ಅಕಾಡೆಮಿಯಲ್ಲಿ ಪಳಗಿದ ಲಕ್ಷ್ಯ ಸೇನ್ 2022ರಲ್ಲಿ ಅದೇ ಪಂದ್ಯಾವಳಿಯ ಫೈನಲ್ ತಲುಪಿದರು.

ದೇಹದ ಮೇಲಿನ ಪರಿಣಾಮ

ಬಹುಪಾಲು ರ‍್ಯಾಲಿಗಳು ಹತ್ತು ಸೆಕೆಂಡಿನ ಆಸುಪಾಸಿನಲ್ಲೇ ಮುಗಿಯುತ್ತವೆ. ನಡುವಿನ ವಿರಾಮ ಅದಕ್ಕಿಂತ ದೀರ್ಘ. ಆದರೂ ಉನ್ನತ ಮಟ್ಟದ ಪಂದ್ಯಗಳಲ್ಲಿ ಸರಾಸರಿ ಹೃದಯ ಬಡಿತ ಗರಿಷ್ಠ ಮಿತಿಯ ಶೇ. 90ರ ಹತ್ತಿರದಲ್ಲೇ ಇರುತ್ತದೆ. ಬೇಕಾದ ಶಕ್ತಿಯ ಶೇ. 60-70ರಷ್ಟು ಆಮ್ಲಜನಕ ಬಳಸುವ ಕ್ರಿಯೆಯಿಂದ ಬರುತ್ತದೆ. ಸಿಡಿದು ಹೊರಡುವ ಕ್ಷಣಗಳಿಗೆ ಸ್ನಾಯುಗಳಲ್ಲಿ ಸಂಗ್ರಹವಾಗಿರುವ ಶಕ್ತಿ ಒದಗುತ್ತದೆ. ಆದ್ದರಿಂದ ನಿಧಾನವಾದ ದೂರದ ಓಟವೊಂದನ್ನೇ ನೆಚ್ಚಿದ ತರಬೇತಿ ಈ ಆಟಕ್ಕೆ ಸಾಲದು.

2018ರಲ್ಲಿ ಪ್ರಕಟವಾದ ಕೋಪನ್‌ಹೇಗನ್ ಹೃದಯ ಅಧ್ಯಯನದ ವಿಶ್ಲೇಷಣೆಯಲ್ಲಿ, ಬ್ಯಾಡ್ಮಿಂಟನ್ ಆಡುವವರ ನಿರೀಕ್ಷಿತ ಆಯಸ್ಸು ವ್ಯಾಯಾಮವಿಲ್ಲದವರಿಗಿಂತ 6.2 ವರ್ಷ ಹೆಚ್ಚಿರುವುದು ಕಂಡುಬಂತು. ಇದು ವೀಕ್ಷಣೆಯನ್ನಷ್ಟೇ ಆಧರಿಸಿದ ಅಧ್ಯಯನವಾದ್ದರಿಂದ, ಆಟವೇ ಆಯಸ್ಸನ್ನು ಹೆಚ್ಚಿಸಿತೆಂದು ಹೇಳಲಾಗದು.

ಗಾಯಗಳು

ದೇಹಕ್ಕೆ ಹೆಚ್ಚಿನ ಪೆಟ್ಟು ಬೀಳುವುದು ಓಡುವಾಗಲ್ಲ, ತಟ್ಟನೆ ನಿಲ್ಲುವಾಗ. ಬಲೆಯತ್ತ ಉದ್ದ ಹೆಜ್ಜೆ ಇಟ್ಟಾಗ ಮುಂಗಾಲಿನ ಮೇಲೆ ದೇಹತೂಕದ ಎರಡು ಪಟ್ಟಿನಷ್ಟು ಅಥವಾ ಅದಕ್ಕೂ ಮಿಗಿಲಾದ ಬಲ ಬೀಳುತ್ತದೆ. ಪಾದದ ಕೀಲು ಉಳುಕುವುದು, ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ನೋಯುವುದು, ಭುಜನೋವು ಸಾಮಾನ್ಯ. ಅಪರೂಪಕ್ಕೊಮ್ಮೆ ಆಡುವ ನಡುವಯಸ್ಸಿನವರಲ್ಲಿ ಹಿಮ್ಮಡಿಯ ಮೇಲಿನ ಅಕಿಲೀಸ್ ಸ್ನಾಯುರಜ್ಜು ಹರಿಯುವ ಸಂಭವವೂ ಇದೆ. ಆಗ ಹಿಂದಿನಿಂದ ಯಾರೋ ಒದ್ದಂತೆ ಭಾಸವಾಗುತ್ತದೆ.

ಬಲಗೈ ಆಟಗಾರರು ಬ್ಯಾಕ್‌ಹ್ಯಾಂಡ್ ಮೂಲೆಯಲ್ಲಿ ತಲೆಯ ಮೇಲಿನಿಂದ ಹೊಡೆದು ಎಡಗಾಲೊಂದರ ಮೇಲೆಯೇ ಇಳಿಯುವಾಗ ಮಂಡಿಯೊಳಗಿನ ಅಸ್ಥಿರಜ್ಜು ಹರಿಯಬಹುದು. ಸ್ಪೇನ್‌ನ ಕರೋಲಿನಾ ಮರಿನ್ 2019ರಲ್ಲಿ ಬಲ ಮಂಡಿಗೆ, 2021ರಲ್ಲಿ ಎಡ ಮಂಡಿಗೆ ಇಂಥ ಗಾಯ ಮಾಡಿಕೊಂಡಿದ್ದರು. 2024ರ ಪ್ಯಾರಿಸ್ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಮುನ್ನಡೆಯಲ್ಲಿದ್ದಾಗಲೇ ಬಲ ಮಂಡಿಗೆ ಮತ್ತೆ ಪೆಟ್ಟಾಗಿ ಪಂದ್ಯದಿಂದ ನಿವೃತ್ತರಾದರು.

ಸಿಮೆಂಟ್ ನೆಲದಲ್ಲಿ ಆಡುವುದು, ಓಟದ ಬೂಟು ಧರಿಸುವುದು ಅಪಾಯವನ್ನು ಹೆಚ್ಚಿಸುತ್ತವೆ. ಓಟದ ಬೂಟಿನ ದಪ್ಪ ಹಿಮ್ಮಡಿ ಪಕ್ಕಕ್ಕೆ ಹೊರಳುವಾಗ ಪಾದವನ್ನು ವಾಲಿಸುವುದರಿಂದ, ತೆಳುವಾದ ರಬ್ಬರ್ ಅಡಿಯ ಒಳಾಂಗಣ ಬೂಟುಗಳನ್ನೇ ಬಳಸುವುದು ವಾಡಿಕೆ.