1937ರಿಂದ ಬದಲಾಗದ ಒಂದು ತೂತು

ಸ್ಟ್ಯಾಂಡ್ ಮಿಕ್ಸರ್ ಕೊಳ್ಳೋಕೆ ಹೊರಟ ನನ್ನ ಆಫೀಸಿನ ಗೆಳೆಯರು ಕೇಳೋದು ಎರಡೇ ಪ್ರಶ್ನೆ. ಎಷ್ಟು ವ್ಯಾಟ್? ಯಾವ ಬಣ್ಣ? ಇದರ ಚರಿತ್ರೆ ಓದಿದ ಮೇಲೆ ನನಗೆ ಮೂರನೆಯದೇ ಮುಖ್ಯ ಅನ್ನಿಸಿದೆ: ಮೂತಿಯ ಮುಂದಿರೋ ತೂತಿಗೆ ಏನೇನು ಸಿಕ್ಕಿಸಬಹುದು?

1908ರಲ್ಲಿ ಅಮೆರಿಕದ ಹರ್ಬರ್ಟ್ ಜಾನ್‌ಸ್ಟನ್ ಎಂಬ ಇಂಜಿನಿಯರ್, ಬೇಕರಿಯವನೊಬ್ಬ ಕಬ್ಬಿಣದ ಸಟ್ಟುಗದಲ್ಲಿ ಬ್ರೆಡ್ಡಿನ ಹಿಟ್ಟು ಕಲಸೋದನ್ನ ನೋಡಿದ. ಇದಕ್ಕೊಂದು ಯಂತ್ರ ಯಾಕಾಗಬಾರದು? ಅವನಿದ್ದ ಹೋಬಾರ್ಟ್ ಕಂಪನಿ ಕೆಲವೇ ವರ್ಷಗಳಲ್ಲಿ 80 ಕ್ವಾರ್ಟ್, ಅಂದರೆ ಸುಮಾರು 75 ಲೀಟರಿನ ಮಿಕ್ಸರ್ ತಯಾರಿಸಿತು. 1917ರ ಹೊತ್ತಿಗೆ ಅದು ಅಮೆರಿಕದ ಯುದ್ಧನೌಕೆಗಳ ಅಡುಗೆಮನೆಗೂ ಹೋಗಿತ್ತು.

ಮನೆಗೆ ಬಂದದ್ದು 1919ರಲ್ಲಿ, ಕಿಚನ್‌ಏಯ್ಡ್ ಹೆಸರಿನಲ್ಲಿ. ತೂಕ 65 ಪೌಂಡ್, ಹತ್ತಿರ ಹತ್ತಿರ 30 ಕಿಲೋ! ಬೆಲೆ 189.50 ಡಾಲರ್. ಅಂಗಡಿಯವರು ಇಟ್ಟುಕೊಳ್ಳೋಕೆ ಹಿಂದೇಟು ಹಾಕಿದಾಗ ಹೆಂಗಸರೇ ಮನೆಮನೆಗೆ ಹೋಗಿ ಮಾರಿದರು.

ಇದರ ಗುಟ್ಟು ಇಷ್ಟೇ: ಕಲಸುವ ಕಡ್ಡಿ ತನ್ನ ಸುತ್ತ ತಾನು ಒಂದು ದಿಕ್ಕಿಗೆ ತಿರುಗುತ್ತಾ, ಬಟ್ಟಲನ್ನು ಇನ್ನೊಂದು ದಿಕ್ಕಿಗೆ ಸುತ್ತುತ್ತೆ. ಹಾಗಾಗಿ ಬಟ್ಟಲು ನಿಂತಲ್ಲೇ ನಿಂತರೂ ಮೂಲೆಯ ಹಿಟ್ಟು ಉಳಿಯೋದಿಲ್ಲ.

1937ರಲ್ಲಿ ಎಗ್ಮಾಂಟ್ ಅರೆನ್ಸ್ ವಿನ್ಯಾಸ ಮಾಡಿದ 'ಮಾಡೆಲ್ ಕೆ' ಬಂತು. ಅಲ್ಲಿಂದ ಇಲ್ಲಿಯವರೆಗೆ ಆ ಕಂಪನಿ ಮುಂದಿನ ತೂತಿನ ಅಳತೆ ಬದಲಿಸಿಲ್ಲ. ಇವತ್ತಿನ ಪಾಸ್ತಾ ರೋಲರ್ ಅಜ್ಜಿಯ ಕಾಲದ ಮಿಕ್ಸರಿಗೂ ಕೂರುತ್ತೆ. ಎರಡು ವರ್ಷಕ್ಕೊಮ್ಮೆ ಹಳೇ ಎಪಿಐ ಕೈಬಿಡುವ ನಮ್ಮಂಥವರು ಇದನ್ನ ನೋಡಿ ಕೈಮುಗಿಯಬೇಕು.

ಒಂದೇ ಮೋಟಾರಿಗೆ ಹಲವು ಕೆಲಸ ಅನ್ನೋದು ನಮಗೇನೂ ಹೊಸತಲ್ಲ. 1960ರ ದಶಕದಲ್ಲಿ ಬಂದ ಸುಮೀತ್ ಮಿಕ್ಸಿಯೂ ಜಾರ್ ಬದಲಿಸಿ ಅದನ್ನೇ ಮಾಡಿತು. ಆದರೆ ಅದರ ಕಣ್ಣಿದ್ದದ್ದು ಚಟ್ನಿ, ಮಸಾಲೆಯ ಮೇಲೆ. ಅಮೆರಿಕದ್ದು ಹುಟ್ಟಿದ್ದೇ ಬ್ರೆಡ್ಡಿಗೆ. ಅದಕ್ಕೇ ಸ್ಟ್ಯಾಂಡ್ ಮಿಕ್ಸರ್ ದೋಸೆಗೆ ರುಬ್ಬೋದಿಲ್ಲ, ಅದಕ್ಕೆ ಕಲ್ಲಿನ ಗ್ರೈಂಡರೇ ಬೇಕು.

ಹಾಗಾದರೆ ಆರಿಸೋದು ಹೇಗೆ? ವ್ಯಾಟ್ ಅನ್ನೋದು ಮೋಟಾರು ಎಳೆಯುವ ಕರೆಂಟಿನ ಲೆಕ್ಕ. ಹಿಟ್ಟಿಗೆ ಸಿಗುವ ಬಲ ಗೇರಿನದು. ಚಪಾತಿ ಹಿಟ್ಟಿಗೆ ಕೊಕ್ಕೆ, ಕೇಕಿಗೆ ಚಪ್ಪಟೆ ಬೀಟರ್, ಕ್ರೀಮಿಗೆ ತಂತಿಯ ವಿಸ್ಕ್. ಈ ಮೂರು ಸಾಕು, ಉಳಿದದ್ದು ಬೇಕಾದಾಗ ಕೊಂಡರಾಯ್ತು; ತೂತಂತೂ ಅಲ್ಲೇ ಇರುತ್ತೆ. ಅಮೆರಿಕದಿಂದ ಸೂಟ್‌ಕೇಸಲ್ಲಿ ತರಿಸಬೇಡಿ, ಅಲ್ಲಿಯದು 120 ವೋಲ್ಟು, ನಮ್ಮದು 230.

ಒರಳು ತಿರುವಿ, ಮುದ್ದೆ ಕೂಡಿಸಿ ಸವೆದ ರಟ್ಟೆಗಳನ್ನ ನೋಡುತ್ತಾ ಊರಲ್ಲಿ ಬೆಳೆದವನು ನಾನು. ಇದನ್ನ ಶೋಕಿ ಅಂತ ಹೇಳೋಕೆ ಬಾಯಿ ಬರೋದಿಲ್ಲ. ವಾರಕ್ಕೆ ನಾಲ್ಕು ದಿನ ಹಿಟ್ಟು ನಾದುವ ಮನೆಯಾದರೆ ಕೊಳ್ಳಿ. ಬಣ್ಣವನ್ನ ಮಾತ್ರ ನಾದುವವರೇ ಆರಿಸಲಿ.