ಟೆಂಡರು ಕೊಳ್ಳಬೇಕಾದದ್ದು ಒಂದು ಇರುಳನ್ನು: ಬಳ್ಳಾರಿ ಸೀಮೆಯ ಶಾಲಾ ಕಾಳಜಿ ಕೇಂದ್ರಗಳು ಮತ್ತು ಸೌರ ವಿದ್ಯುತ್ತು

ನೆರೆ ಬಂದಾಗ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೀಮೆಯಲ್ಲಿ ಸರ್ಕಾರಿ ಶಾಲೆಯೇ ಕಾಳಜಿ ಕೇಂದ್ರ. ಜನರ ಬಾಯಲ್ಲಿ ಅದಿನ್ನೂ ಗಂಜಿ ಕೇಂದ್ರ. ನೀರು ನುಗ್ಗಿದ ಕಡೆ ಅವಘಡ ತಪ್ಪಿಸಲು ಕರೆಂಟನ್ನು ತೆಗೆಯಲೇಬೇಕಾಗುತ್ತದೆ. ಇಂಥ ಶಾಲೆಗಳಿಗೆ ಸೌರ ವಿದ್ಯುತ್ತು ಅಳವಡಿಸಲು ಟೆಂಡರ್ ಕರೆಯುವುದಾದರೆ ಗುತ್ತಿಗೆದಾರರನ್ನು ಏನು ಕೇಳಬೇಕು ಎಂಬುದು ಈ ಲೇಖನದ ಪ್ರಶ್ನೆ.

ಎರಡು ಬಗೆಯ ನೆರೆ

2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ್ದು ಇಲ್ಲಿಯದೇ ಮಳೆ. ಆಗ ಆಕಾಶ ದಿನಗಟ್ಟಲೆ ಮುಚ್ಚಿತ್ತು. ಆದರೆ ಸಾಮಾನ್ಯ ವರ್ಷಗಳಲ್ಲಿ ತುಂಗಭದ್ರೆ ಉಕ್ಕುವುದು ಮಲೆನಾಡಿನ ಮಳೆಯಿಂದ. ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟ ದಿನ ಮಳೆನೆರಳಿನ ಸಿರುಗುಪ್ಪದಲ್ಲಿ ಬಿಸಿಲೂ ಇರಬಹುದು. 2024ರ ಆಗಸ್ಟ್ 10ರ ರಾತ್ರಿ ಆ ಜಲಾಶಯದ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋದಾಗ ಅಪಾಯ ಬಂದದ್ದು ಮೋಡದಿಂದಲ್ಲ, ಅಣೆಕಟ್ಟಿನಿಂದ. ಮೊದಲ ಬಗೆಯ ನೆರೆಗೆ ದೊಡ್ಡ ಬ್ಯಾಟರಿ ಬೇಕು. ಎರಡನೆಯದಕ್ಕೆ ಚಿಕ್ಕದು ಸಾಕು, ಹಗಲಿನ ಬಿಸಿಲು ಅದನ್ನು ಮತ್ತೆ ತುಂಬುತ್ತದೆ.

ಕಿಲೋವ್ಯಾಟಿನ ಮೋಸ

ಗ್ರಿಡ್‌ಗೆ ಜೋಡಿಸಿದ ಸಾಮಾನ್ಯ ಇನ್ವರ್ಟರು ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ಲೈನ್‌ಮನ್‌ಗೆ ಶಾಕ್ ಹೊಡೆಯದಿರಲೆಂದು ಮಾಡಿದ ಏರ್ಪಾಡು ಅದು. ಹಾಗಾಗಿ ಬ್ಯಾಟರಿಯಿಲ್ಲದ ಸೌರ ಫಲಕ ನೆರೆಯ ರಾತ್ರಿ ಬರೀ ಗಾಜು. ಚಂಡಮಾರುತಗಳ ನಾಡಾದ ಅಮೆರಿಕದ ಫ್ಲಾರಿಡಾದಲ್ಲಿ ನೂರಕ್ಕೂ ಹೆಚ್ಚು ಆಶ್ರಯ ಶಾಲೆಗಳಿಗೆ 10 ಕಿಲೋವ್ಯಾಟ್ ಫಲಕದೊಂದಿಗೆ ಬ್ಯಾಟರಿಯನ್ನೂ ಕೂಡಿಸಿದ್ದು ಈ ಕಾರಣಕ್ಕೆ.

ಹತ್ತು ಕೋಣೆಗಳ ಶಾಲೆಯೊಂದನ್ನು ಊಹಿಸಿಕೊಳ್ಳೋಣ. 20 ವ್ಯಾಟಿನ ಹತ್ತು ಟ್ಯೂಬ್‌ಲೈಟು, 30 ವ್ಯಾಟಿನ ಹತ್ತು ಫ್ಯಾನು 12 ತಾಸು ನಡೆದರೆ 6 ಯೂನಿಟ್. ನೀರಿನ ಮೋಟರು, ಮೊಬೈಲು ಚಾರ್ಜಿಗೆ ಒಂದೂವರೆ. ಒಂದು ಇರುಳಿಗೆ 7.5; ಮೋಡ ಮುಚ್ಚಿದ ದಿನಗಳಿಗೆಂದು ಎರಡು ಇರುಳು ಹಿಡಿದರೆ 15. ಬ್ಯಾಟರಿಯ ಶೇ. 80ರಷ್ಟನ್ನೇ ಬಳಸುವುದಾದರೆ ಸುಮಾರು 19 ಯೂನಿಟ್ ಸಾಮರ್ಥ್ಯ ಬೇಕು. ಕಿಲೋವ್ಯಾಟ್ ದರವನ್ನಷ್ಟೇ ಹೋಲಿಸುವ ಟೆಂಡರಿನಲ್ಲಿ ಈ 19 ಎಲ್ಲೂ ಕಾಣಿಸುವುದಿಲ್ಲ. ಬ್ಯಾಟರಿಯನ್ನು ಕಿರಿದು ಮಾಡಿದವನೇ ಎಲ್-1, ಅಂದರೆ ಅತಿ ಕಡಿಮೆ ದರದ ಬಿಡ್‌ದಾರ, ಆಗುತ್ತಾನೆ.

ಟೆಂಡರಿನ ಹೊತ್ತು, ಟೆಂಡರಿನ ಮಾತು

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ 4(ಎ) ಕಲಮು ಸರ್ಕಾರ ಘೋಷಿಸಿದ ನೈಸರ್ಗಿಕ ವಿಕೋಪದ ಕಾಲಕ್ಕೆ ಟೆಂಡರಿನಿಂದ ವಿನಾಯಿತಿ ಕೊಡುತ್ತದೆ. ನೀರು ಬಂದಮೇಲೆ ಕೊಂಡರೆ ಪೈಪೋಟಿಯಿಲ್ಲ. ಆದ್ದರಿಂದ ಬಿಡ್ ಕರೆಯಬೇಕಾದದ್ದು ನದಿ ಒಣಗಿದ ಬೇಸಿಗೆಯಲ್ಲಿ. ಎರಡು ಲಕೋಟೆ ಪದ್ಧತಿಯಲ್ಲಿ ತಾಂತ್ರಿಕ ಲಕೋಟೆಯೇ ಇರುಳಿನ ಲೆಕ್ಕ ಕೇಳಬೇಕು. ಆರ್ಥಿಕ ಲಕೋಟೆಯಲ್ಲಿ ಐದು ವರ್ಷದ ನಿರ್ವಹಣೆಯೂ ಸೇರಬೇಕು.

ಸಿರುಗುಪ್ಪ, ಕುರುಗೋಡು, ಬಳ್ಳಾರಿ ಈ ಮೂರೂ ಊರಿಗೆ ಒಂದೇ ಅಳತೆ ಹೊಂದದು. ಸಿರುಗುಪ್ಪದ ನದಿದಂಡೆಯಲ್ಲಿ ಬ್ಯಾಟರಿ ನೆರೆಯ ಮಟ್ಟಕ್ಕಿಂತ ಮೇಲಿರಬೇಕು. ಬಂಡೆಗುಡ್ಡಗಳ ಕುರುಗೋಡಿನಲ್ಲೂ ಬಳ್ಳಾರಿ ನಗರದಲ್ಲೂ ಅದಕ್ಕೆ ಬಿಸಿಲಿನ ಝಳ ತಾಗದ, ಗಾಳಿಯಾಡುವ ಕೋಣೆ ಬೇಕು. ಮೂರನ್ನೂ ಒಂದೇ ಪ್ಯಾಕೇಜಿಗೆ ಕಟ್ಟಿದರೆ ವಹಿವಾಟಿನ ಷರತ್ತು ಏರಿ, ಕೆಟ್ಟಾಗ ಅರ್ಧ ದಿನದಲ್ಲಿ ಬರಬಲ್ಲ ಸ್ಥಳೀಯ ಗುತ್ತಿಗೆದಾರ ಹೊರಗುಳಿಯುತ್ತಾನೆ.

ಒಂದು ಸರಳ ಷರತ್ತು ಈ ಎಲ್ಲವನ್ನೂ ಪರೀಕ್ಷೆಗೆ ಒಡ್ಡಬಲ್ಲದು. ಕೊನೆಯ ಬಿಲ್ಲು ಪಾಸಾಗುವ ಮುನ್ನ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸದಸ್ಯರ ಎದುರು ಸಂಜೆ ಆರಕ್ಕೆ ಮೇನ್ ಸ್ವಿಚ್ ಇಳಿಸಿ, ಎಲ್ಲ ದೀಪ, ಫ್ಯಾನು ಹಾಕಿ, ಬೆಳಗಿನ ಆರಕ್ಕೆ ಬಂದು ನೋಡುವುದು.