ಪೆಂಫಿಗಸ್ ವಲ್ಗಾರಿಸ್

ದೇಹದ ರೋಗನಿರೋಧಕ ವ್ಯವಸ್ಥೆಯೇ ಹೊರಚರ್ಮದ ಜೀವಕೋಶಗಳ ನಡುವಿನ ಬೆಸುಗೆಯನ್ನು ಕಡಿದುಹಾಕುವುದರಿಂದ ಬರುವ ವಿರಳ ಗುಳ್ಳೆರೋಗ. ಹಲವರಲ್ಲಿ ಮೊದಲು ಬಾಯಿಹುಣ್ಣಾಗಿ ಕಾಣಿಸಿಕೊಳ್ಳುತ್ತದೆ. ಆಮೇಲೆ ಮೈಮೇಲೆ ನೀರುಗುಳ್ಳೆಗಳೆದ್ದು, ಒಡೆದು, ಬೇಗ ಮಾಯದ ಹಸಿಗಾಯಗಳಾಗುತ್ತವೆ. ಇದು ಅಂಟುರೋಗವಲ್ಲ.

18ನೆಯ ಶತಮಾನದ ಯುರೋಪಿನಲ್ಲಿ ಗುಳ್ಳೆಯೇಳುವ ನಾನಾ ಕಾಯಿಲೆಗಳಿಗೆ ಪೆಂಫಿಗಸ್ ಎಂಬ ಒಂದೇ ಹೆಸರಿತ್ತು. 1791ರಲ್ಲಿ ಜರ್ಮನಿಯ ವಿಖ್‌ಮನ್ ಇದರ ದೀರ್ಘಕಾಲಿಕ ರೂಪವನ್ನು ಬೇರ್ಪಡಿಸಿ ವಿವರಿಸಿದ. ಗಾಯದ ಪಕ್ಕದ ಚರ್ಮವನ್ನು ಬೆರಳಿನಿಂದ ಒತ್ತಿ ಸರಿಸಿದರೆ ಮೇಲ್ಪದರ ಜಾರಿಬರುವುದನ್ನು 1890ರ ದಶಕದಲ್ಲಿ ತೋರಿಸಿದವನು ವೈದ್ಯ ನಿಕೋಲ್‌ಸ್ಕಿ. ಆ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಗುಳ್ಳೆ ಹೊರಚರ್ಮದ ಒಳಗೇ ಏಳುತ್ತದೆಯೋ ಅದರ ಬುಡದಲ್ಲೋ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ, 1953ರಲ್ಲಿ ಲೆವರ್ ಇದನ್ನು ಪೆಂಫಿಗಾಯ್ಡ್ ಎಂಬ ಇನ್ನೊಂದು ಗುಳ್ಳೆರೋಗದಿಂದ ಪ್ರತ್ಯೇಕಿಸಿದ. ಕಾರಣದ ಸುಳಿವು ಸಿಕ್ಕಿದ್ದು 1964ರಲ್ಲಿ: ರೋಗಿಗಳ ರಕ್ತದಲ್ಲಿ ಚರ್ಮದ ವಿರುದ್ಧವೇ ತಿರುಗಿದ ಪ್ರತಿಕಾಯಗಳಿರುವುದನ್ನು ಅಮೆರಿಕದ ಬ್ಯೂಟ್ನರ್ ಮತ್ತು ಜೋರ್ಡನ್ ಕಂಡುಕೊಂಡರು. ಆ ಪ್ರತಿಕಾಯಗಳ ಗುರಿ ಡೆಸ್ಮೊಗ್ಲೀನ್ 3 ಎಂಬ ಪ್ರೋಟೀನ್ ಎಂಬುದು 1991ರಲ್ಲಿ ಅಮಗಾಯ್ ಮತ್ತು ಸ್ಟ್ಯಾನ್ಲಿ ಅವರ ಸಂಶೋಧನೆಯಿಂದ ಖಚಿತವಾಯಿತು.

1950ರ ದಶಕದಲ್ಲಿ ಸ್ಟೀರಾಯ್ಡ್ ಬರುವ ತನಕ ರೋಗಿಗಳಲ್ಲಿ ಹೆಚ್ಚಿನವರು ನಂಜೇರಿ, ಮೈಯ ದ್ರವ ಸೋರಿ ಸಾಯುತ್ತಿದ್ದರು. ಸ್ಟೀರಾಯ್ಡ್ ಜೀವ ಉಳಿಸಿತು. ಆದರೆ ದಿನವೂ ದೊಡ್ಡ ಪ್ರಮಾಣದಲ್ಲಿ ನುಂಗಿದ ಅದೇ ಔಷಧಿ ಸಕ್ಕರೆ ಕಾಯಿಲೆ, ಮೂಳೆ ಸವೆತ, ಸೋಂಕುಗಳನ್ನೂ ತಂದಿತು. ಈ ಇಕ್ಕಟ್ಟಿಗೆ 1980ರ ದಶಕದ ಆರಂಭದಲ್ಲಿ ದಾರಿ ತೋರಿದವರು ದೆಹಲಿಯ ಏಮ್ಸ್‌ನ ಡಾ. ಜೆ.ಎಸ್. ಪಸ್ರೀಚಾ. ಅವರ ಕ್ರಮ ಹೀಗೆ: 28 ದಿನಗಳಿಗೊಮ್ಮೆ ಸತತ ಮೂರು ದಿನ 100 ಮಿ.ಗ್ರಾಂ. ಡೆಕ್ಸಾಮೆಥಾಸೋನ್, ಅವುಗಳಲ್ಲಿ ಒಂದು ದಿನ 500 ಮಿ.ಗ್ರಾಂ. ಸೈಕ್ಲೋಫಾಸ್ಫಮೈಡನ್ನು ರಕ್ತನಾಳದ ಮೂಲಕ ಕೊಡುವುದು. ಉಳಿದ ದಿನಗಳಲ್ಲಿ ಸೈಕ್ಲೋಫಾಸ್ಫಮೈಡ್ ಮಾತ್ರೆ. 'ಡಿಸಿಪಿ' (ಡೆಕ್ಸಾಮೆಥಾಸೋನ್-ಸೈಕ್ಲೋಫಾಸ್ಫಮೈಡ್ ಪಲ್ಸ್) ಎಂದು ಹೆಸರಾದ ಈ ಕ್ರಮವನ್ನು ಭಾರತದ ಚರ್ಮರೋಗ ವಿಭಾಗಗಳು ದಶಕಗಳ ಕಾಲ ನೆಚ್ಚಿಕೊಂಡವು. ಸಂತಾನಶಕ್ತಿಗೆ ಪೆಟ್ಟು ಬೀಳುವುದು ಇದರ ದೊಡ್ಡ ಕೊರತೆ. ಹಾಗಾಗಿ ಮಕ್ಕಳು ಬೇಕೆನ್ನುವವರಿಗೆ ಸೈಕ್ಲೋಫಾಸ್ಫಮೈಡ್ ಬಿಟ್ಟು ಕೊಡುವ ಪದ್ಧತಿಯೂ ಬಂತು. ಜಗತ್ತಿನ ಪೆಂಫಿಗಸ್ ಚಿಕಿತ್ಸೆಗೆ ಭಾರತ ಕೊಟ್ಟ ಈ ಕಾಣಿಕೆಗೆ ಸಲ್ಲಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ. ಹಸಿಗಾಯದ ಮೈ ಹಾಸಿಗೆಗೆ ಅಂಟದಂತೆ ಬಾಳೆ ಎಲೆಯ ಮೇಲೆ ಮಲಗಿಸುವ ನಮ್ಮ ವಾರ್ಡುಗಳ ಆರೈಕೆಯನ್ನೂ ಇಲ್ಲಿ ನೆನೆಯಬೇಕು: ಅಗ್ಗ, ತಂಪು, ನೋವಿಲ್ಲದೆ ಬಿಡಿಸಬಹುದು.

ಪ್ರತಿಕಾಯ ತಯಾರಿಕೆಗೆ ಮೂಲವಾದ ಬಿ-ಕೋಶಗಳನ್ನು ಇಲ್ಲವಾಗಿಸುವ ರಿಟುಕ್ಸಿಮಾಬ್‌ಗೆ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ರೋಗಕ್ಕಾಗಿ ಒಪ್ಪಿಗೆ ನೀಡಿತು. ಈಗ ಬಹುಪಾಲು ರೋಗಿಗಳು ಬದುಕುತ್ತಾರೆ, ಆದರೆ ರೋಗ ಮರುಕಳಿಸುವುದುಂಟು. ಸ್ಟೀರಾಯ್ಡ್ ಮಾತ್ರೆಯನ್ನು ತಾವಾಗಿಯೇ ಥಟ್ಟನೆ ನಿಲ್ಲಿಸಬಾರದು; ವಾರಗಟ್ಟಲೆ ಮಾಯದ ಬಾಯಿಹುಣ್ಣನ್ನು ಚರ್ಮರೋಗ ತಜ್ಞರಿಗೆ ತೋರಿಸಬೇಕು.